ನೀಲಿ ಗುರುತಿನ ಚಕ್ಕೋತ

ನಮ್ಮತ್ತೆ ಸಿದ್ದಲಕ್ಷ್ಮಮ್ಮನವರಿಗೆ ಅವಸರ ಮಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಬಸ್ಸು ಹೊರಡ್ತಾ ಐತೆ ಓಡಿ ಬನ್ನಿ ಅಂತ ನಾನು ಕೂಗಿದರೆ, "ಓದ್ರೆ ಓಯ್ತದೆ, ಇನ್ನೊಂದು ಬತ್ತದೆ" ಎಂದು ಸೆರಗು ಸರಿಮಾಡಿಕೊಂಡು ನಡೆದೇ ಬರುವವರು. ಮೇಚೇರಿ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಎಷ್ಟು ಬಸ್ಸು ನಮ್ಮ ಕಣ್ಣೆದುರೇ ಹೊಗೆ ಬಿಟ್ಟುಕೊಂಡು ಹೋದವೋ. ಬಿಸಿಲಲ್ಲಿ ನಿಂತು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಮಾತ್ರ ಬೇವಿನ ಮರದ ನೆರಳಿಗೆ ಹೋಗಿ ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತೊಂದರಲ್ಲಿ. ನನ್ನ ತವರು ಕೊಳ್ಳೇಗಾಲದ ಕಡೆ, ಕನ್ನಡದಲ್ಲೇ ಹತ್ತನೇ ಕ್ಲಾಸಿನವರೆಗೆ ಓದಿದವಳು. ಮೇಚೇರಿಯಿಂದ ಮೂರು ಮೈಲಿ ದೂರದ ಈ ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು, ಬೈಯುವುದು ಎರಡರಲ್ಲೂ. ಮನೆಯಲ್ಲಿ ಅತ್ತೆ, ಮಾವ ಗೋಪಾಲಪ್ಪ, ಮಾವನ ತಮ್ಮ ತಿಮ್ಮರಾಜು, ಮೇಟೂರಿನ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗಿಬರುವ ನನ್ನ ಗಂಡ ಕೃಷ್ಣಪ್ರಸಾದ್, ಮತ್ತು ನಾನು. ಜಮೀನು ಇನ್ನೂ ಪಾಲಾಗಿರಲಿಲ್ಲ. ಬಾವಿಯ ಹಿಂದೆ ಹದಿನಾರು ಚಕ್ಕೋತದ ಮರಗಳಿದ್ದವು.

ಆ ಮರಗಳು ಬಂದ ಬಗೆಯನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ನಮ್ಮತ್ತೆ ಎಂಥವರು ಅಂತ ತಿಳಿಯುವುದಿಲ್ಲ.

ಅತ್ತೆಯ ತವರು ಪಾಲಮಲೆಯ ಮೇಲೆ. ಹದಿನಾರು ವರ್ಷಕ್ಕೆ ಮದುವೆಯಾಗಿ ಇಲ್ಲಿಗೆ ಇಳಿದು ಬಂದರು. ಅವರ ಅತ್ತೆ ಪಾಪಮ್ಮ, ಬಾಯಿಗೆ ಹೆಸರಾದ ಹೆಂಗಸು, ನಾಲ್ಕನೇ ತಿಂಗಳಿಗೇ "ಬೆಟ್ಟದೋಳು, ಒಂದು ಮುದ್ದೆ ತಿರುವಕ್ಕೆ ಬರಲ್ಲ, ಪ್ರಯೋಜನ ಇಲ್ಲ" ಎಂದು ಬಟ್ಟೆಗಂಟಿನ ಜೊತೆ ಅವರನ್ನು ವಾಪಸ್ಸು ಕಳಿಸಿಬಿಟ್ಟಳಂತೆ. ನಮ್ಮ ಮಾವ ಆಗಲೂ ಈಗಿನಂತೆಯೇ ಬಾಯಿಲ್ಲದವರು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಬೇರೆ ಯಾರೇ ಆಗಿದ್ದರೂ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಇವರು ಅಪ್ಪನ ಮನೆಯ ಚಕ್ಕೋತದ ಮರ ಹತ್ತಿ, ನಾಲ್ಕು ಕೊಂಬೆಯ ತೊಗಟೆ ಕೆರೆದು, ಹಸಿಮಣ್ಣು ಮೆತ್ತಿ, ಗೋಣಿಬಟ್ಟೆ ಸುತ್ತಿ ಕಟ್ಟಿದರು. ಹೀಗೆ ಗುಟಿ ಕಟ್ಟಿದರೆ ಕೊಂಬೆ ಮರದ ಮೇಲಿರುವಾಗಲೇ ಬೇರು ಬಿಡುತ್ತದೆ. ಎರಡು ತಿಂಗಳು ನೀರು ಚಿಮುಕಿಸಿದರು. ಬೇರು ಬಂದ ಮೇಲೆ ನಾಲ್ಕನ್ನೂ ಕೊಯ್ದು ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು, ಕಾಲುದಾರಿಯಲ್ಲಿ ಕೊಳತ್ತೂರಿಗೆ ಇಳಿದು, ಅಲ್ಲಿಂದ ಒಬ್ಬರೇ ಈ ಮನೆ ಬಾಗಿಲಿಗೆ ಬಂದು ನಿಂತರು.

"ಕರ್ಕೊಂಡೋಗಕ್ಕೆ ಯಾರೂ ಬರ್ನಿಲ್ಲ, ಅದ್ಕೆ ನಾನೇ ಬಂದೆ. ಗುಂಡಿ ತಗೀಬೇಕು, ಗುದ್ದಲಿ ಎಲ್ಲೈತೆ?"

ಪಾಪಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳಂತೆ. ಮಾವ ಒಳಗಿಂದ ಗುದ್ದಲಿ ತಂದು ಕೊಟ್ಟರಂತೆ. ಅದೊಂದು ಕೆಲಸಕ್ಕಾಗಿ ನಾನು ಮಾವನ ಎಷ್ಟೋ ತಪ್ಪುಗಳನ್ನು ಮಾಫಿ ಮಾಡಿದ್ದೇನೆ. ಆ ನಾಲ್ಕರಿಂದಲೇ ಗುಟಿ ಕಟ್ಟಿ ಕಟ್ಟಿ ಹದಿನಾರಾದವು.

ಇನ್ನು ಹಣ್ಣಿನ ವಿಷಯ. ಚಕ್ಕೋತವನ್ನು ಕಿತ್ತ ದಿನ ತಿನ್ನಬಾರದು ಅನ್ನುವುದು ಪಾಲಮಲೆಯವರ ಪದ್ಧತಿ. ತೊಟ್ಟಿಗೆ ಎರಡು ಎಲೆ ಬಿಟ್ಟು ಕತ್ತರಿಸಿ, ಕೈಯಿಂದ ಕೈಗೆ ಇಳಿಸಬೇಕು. ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಮರಳು ಹರವಿ, ಅದರ ಮೇಲೆ ರಾಗಿ ಹುಲ್ಲು ಹಾಸಿ, ತೊಟ್ಟು ಕೆಳಗೆ ಮಾಡಿ, ಒಂದಕ್ಕೊಂದು ತಾಗದ ಹಾಗೆ ಇಡಬೇಕು. ಇಪ್ಪತ್ತು ದಿನ ಹಾಗೇ ಬಿಡಬೇಕು. ಇದಕ್ಕೆ ಅತ್ತೆ ಹಣ್ಣು ಮಲಗಿಸುವುದು ಅನ್ನುತ್ತಿದ್ದರು. ಮಲಗಿ ಎದ್ದ ಹಣ್ಣಿನ ಮೇಲೆ ಹೊಳಪಿರುವುದಿಲ್ಲ. ಸಿಪ್ಪೆ ನಮ್ಮಜ್ಜಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿರುತ್ತದೆ. ಒಳಗಿನ ಕೆಂಪು ತೊಳೆ ಬಾಯಿಗಿಟ್ಟರೆ ಮಾತ್ರ, ಇದಕ್ಕೆ ಸಕ್ಕರೆ ಹಾಕಿದವರು ಯಾರು ಅಂತ ಕೇಳಬೇಕು, ಅಷ್ಟು ಸಿಹಿ. ಗೊತ್ತಿದ್ದವರು ಸೇಲಂನಿಂದ ಸ್ಕೂಟರಿನಲ್ಲಿ ಬಂದು ಒಯ್ಯುತ್ತಿದ್ದರು. ಗೊತ್ತಿಲ್ಲದವರು ಸುಕ್ಕು ನೋಡಿ ಮೂಗು ಮುರಿದು ಹೋಗುತ್ತಿದ್ದರು. ಹಾಗೆ ಹೋದವರನ್ನು ಅತ್ತೆ ಒಂದು ದಿನವೂ ಕೂಗಿ ಕರೆದದ್ದಿಲ್ಲ.

ಚಿಕ್ಕಮಾವ ತಿಮ್ಮರಾಜುಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಸುತ್ತಲಿನವರೆಲ್ಲ ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಿಲ್ಲುಗಳಿಗೆಂದು ಮರಗೆಣಸು ಹಾಕಿದ್ದರು. ಬಾವಿಯ ನೀರು ಮೊದಲು ಮುಟ್ಟುವ ಜಾಗದಲ್ಲಿ ಹದಿನಾರು ಮರ ಕಾಲು ಚಾಚಿಕೊಂಡು ನಿಂತಿವೆ, ಅವನ್ನು ಕಡಿದರೆ ನಾವೂ ಗೆಣಸು ಹಾಕಬಹುದು ಅನ್ನುವುದು ಅವರ ವಾದ. ಅವರು ಕೆಟ್ಟವರಲ್ಲ, ಸಂತೆಗೆ ಹೋದರೆ ನನಗೆ ಬಳೆ ತರುವುದನ್ನು ಮರೆಯದವರು. ಆದರೆ ಕಾಯುವುದು ಅವರ ಜಾತಕದಲ್ಲೇ ಇರಲಿಲ್ಲ.

ತೊಂಬತ್ತಾರರ ಸೆಪ್ಟೆಂಬರಿನಲ್ಲಿ ನಮ್ಮ ನಾದಿನಿ ಸಂಗೀತಾಗೆ ಹೆರಿಗೆ ಕಷ್ಟವಾಗಿ ಧರ್ಮಪುರಿಯ ಆಸ್ಪತ್ರೆಗೆ ಸೇರಿಸಿದರು. ಅತ್ತೆ ಹೊರಟರು. ಮರದ ತುಂಬ ಹಣ್ಣು ಬಲಿತು ನಿಂತಿತ್ತು. ಹೊರಡುವಾಗ ನನ್ನ ಕೈಗೆ ಕತ್ತಲೆ ಕೋಣೆಯ ಬೀಗದಕೈ ಕೊಟ್ಟು, "ನಾ ಬರೋಗಂಟ ಒಂದಣ್ಣನ್ನೂ ಮುಟ್ಟಬ್ಯಾಡಿ" ಅಂದರು.

ಅವರು ಹೋದ ಐದನೇ ದಿನ ಚಿಕ್ಕಮಾವ ಚಿನ್ನಸ್ವಾಮಿಯನ್ನು ಕರೆದುಕೊಂಡು ಬಂದರು. ಈ ಚಿನ್ನಸ್ವಾಮಿ ಮೇಚೇರಿಯ ಹಣ್ಣಿನ ವ್ಯಾಪಾರಿ. ಕಿತ್ತ ದಿನವೇ ಹೊಳಪಿನ ಹಣ್ಣು ಟೆಂಪೋ ತುಂಬ ಬೇಕು ಅಂತ ನಾಲ್ಕು ವರ್ಷದಿಂದ ಅತ್ತೆಯ ಬೆನ್ನು ಬಿದ್ದು, ನಾಲ್ಕು ವರ್ಷವೂ ಬೈಸಿಕೊಂಡು ಹೋದವನು. ಕೀಳುವ ಆಳುಗಳು ಒಂದೇ ಬೆಳಗ್ಗೆ ಹದಿನಾರು ಮರಗಳನ್ನೂ ಬೋಳು ಮಾಡಿದರು. ಪ್ರತಿ ಹಣ್ಣಿನ ತೊಟ್ಟಿನ ಸುತ್ತ ಚಿನ್ನಸ್ವಾಮಿ ಕುಂಚದಿಂದ ನೀಲಿ ಬಣ್ಣದ ಬಳೆ ಎಳೆದ. ಅದು ಅವನ ಸರಕಿನ ಗುರುತು. ನಾನೇನು ಮಾಡಿದೆ? ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರಿಗೂ ಕಾಫಿ ಮಾಡಿಕೊಟ್ಟೆ. ಚಿಕ್ಕಮಾವನಿಗೆ ಎದುರು ನಿಂತು ಮಾತಾಡುವುದು ಈ ಮನೆಯ ಸೊಸೆಯರ ರೂಢಿಯಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಇವತ್ತಿಗೂ ಆ ಕಾಫಿ ನೆನೆದರೆ ನಾಚಿಕೆಯಾಗುತ್ತದೆ.

ಒಂದು ವಾರದ ಮೇಲೆ ಅತ್ತೆ ಮೊಮ್ಮಗಳು ಹುಟ್ಟಿದ ಸುದ್ದಿ ಹೊತ್ತು ನಗುನಗುತ್ತಾ ಬಂದರು. ಬಾವಿಯ ಕಡೆ ನೋಡಿದರು. ನಗು ಅಲ್ಲಿಗೇ ನಿಂತಿತು. ನೇರ ಒಳಗೆ ಬಂದು ನನ್ನಿಂದ ಬೀಗದಕೈ ಇಸಿದುಕೊಂಡು ಕೋಣೆ ತೆಗೆದರು. ಮರಳು ಹರವಿದ್ದು ಹರವಿದ ಹಾಗೇ ಇತ್ತು. ನಾನು ಅಳತೊಡಗಿದೆ.

"ನೀ ಯಾಕಳ್ತೀಯ? ಅಳ್ಬೇಕಾದ್ದು ತಿಂದೋರು" ಅಂದರು ಅತ್ತೆ.

ತಿಂದವರು ಅತ್ತಿದ್ದರು ಅನ್ನುವುದು ಮಾರನೆಯ ಬೆಳಗ್ಗೆಯೇ ಗೊತ್ತಾಯಿತು. ಟೆಂಪೋ ವಾಪಸ್ಸು ಬಂತು. ಮಾರಾಟವಾಗದೆ ಉಳಿದ ಹಣ್ಣನ್ನೆಲ್ಲ ಚಿನ್ನಸ್ವಾಮಿ ನಮ್ಮ ಗೇಟಿನ ಮುಂದೆ ಸುರಿಸಿದ. ಅವು ಮಣ್ಣಿನಲ್ಲಿ ಉರುಳಾಡುತ್ತಾ ರಸ್ತೆಯವರೆಗೂ ಹೋದವು. "ಒರೇ ಪುಳಿಪ್ಪು, ಬರೀ ಉಳಿ! ಬಾಯಿಗಿಟ್ಟೋರೆಲ್ಲ ಉಗೀತಾ ಅವ್ರೆ" ಎಂದು ತಮಿಳು ಕನ್ನಡ ಬೆರೆಸಿ ಕೂಗಾಡಿದ. ಈ ಮರದ ಹಣ್ಣು ಹುಳಿ, ಸಿದ್ದಲಕ್ಷ್ಮಮ್ಮ ಇಷ್ಟು ವರ್ಷ ಊರಿಗೆಲ್ಲ ಸುಳ್ಳು ಹೇಳಿಕೊಂಡು ಬಂದಳು ಅಂತ ಇಡೀ ಮೇಚೇರಿ ಸಂತೆಗೆ ಸಾರಿ ಬಂದಿದ್ದನಂತೆ. ನಮ್ಮ ಕೊಟ್ಟಿಗೆಯ ಎಮ್ಮೆಗಳಿಗೂ ಕೇಳಿಸುವಷ್ಟು ಜೋರಾಗಿ ಅದನ್ನೇ ಇನ್ನೊಂದು ಸಲ ಹೇಳಿ ಹೋದ.

ಚಿಕ್ಕಮಾವನಿಗೆ ಮೊದಲು ಮುಖ ಚಿಕ್ಕದಾಯಿತು. ಆಮೇಲೆ ಅದೇ ಅನುಕೂಲವಾಗಿ ಕಂಡಿತು. "ನೋಡ್ದಾ ಅತ್ಗೆ, ಇನ್ನು ಈ ಅಣ್ಣು ಯಾರೂ ಮುಟ್ಟಲ್ಲ. ಮರ ಇದ್ರೆಷ್ಟು ಬಿಟ್ರೆಷ್ಟು? ತಾರಮಂಗಲಂನಿಂದ ಮರ ಕುಯ್ಯೋರಿಗೆ ಯೋಳ್ಬುಟ್ಟಿವ್ನಿ, ನಾಳಿದ್ದು ಬತ್ತಾರೆ" ಅಂದರು.

ಮಾವ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿದ ಎಲೆಗೇ ಮತ್ತೆ ಹಚ್ಚುತ್ತಿದ್ದರು.

ಅತ್ತೆ ಕೊಟ್ಟಿಗೆಗೆ ಹೋಗಿ ಕೊಡಲಿ ತಂದು, ಪಾಲಮಲೆಯಿಂದ ಬಂದ ಮೊದಲನೇ ಮರದ ಬುಡಕ್ಕೆ ಒರಗಿಸಿ ನಿಲ್ಲಿಸಿದರು.

"ಇಪ್ಪತ್ತು ದಿನ ಕೊಡು, ತಿಮ್ರಾಜು. ಅವನು ಸುರಿದೋದ್ನಲ್ಲ, ಅದೇ ಅಣ್ಣು ಮಲಗಿಸ್ತೀನಿ. ಆಮೇಲೂ ಉಳಿ ಇದ್ರೆ ಮೊದಲ್ನೇ ಏಟು ನಾನೇ ಆಕ್ತೀನಿ. ಸಿಹಿ ಇದ್ರೆ ನೀ ನಾ ಯೋಳ್ದಂಗೆ ಕೇಳ್ಬೇಕು. ಒಪ್ತೀಯಾ?"

ಟೆಂಪೋದಲ್ಲಿ ಕುಲುಕಾಡಿ, ಬಿಸಿಲಲ್ಲಿ ಒಣಗಿ, ಮಣ್ಣಲ್ಲಿ ಉರುಳಿದ ಹಣ್ಣು! ಚಿಕ್ಕಮಾವ ನಕ್ಕೇಬಿಟ್ಟರು. "ಆಗ್ಲಿ, ಇಪ್ಪತ್ತೇ ದಿನ" ಅಂದರು.

ಅವತ್ತು ಇಡೀ ದಿನ ಅತ್ತೆಯೂ ನಾನೂ ಹಣ್ಣು ಆರಿಸಿದೆವು. ಒಡೆದದ್ದು ಎಮ್ಮೆಗೆ ಹೋಯಿತು, ಎಳಸು ಗೊಬ್ಬರದ ಗುಂಡಿಗೆ. ಗಟ್ಟಿಯಾಗಿ ಉಳಿದವು ನೂರಕ್ಕೆ ಸ್ವಲ್ಪ ಹೆಚ್ಚು. ಮಣ್ಣು ಒರೆಸುತ್ತಾ ನಾನು ಆ ನೀಲಿ ಬಳೆಯನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಲು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಅದ್ನ ಮುಟ್ಟಬ್ಯಾಡ. ಅವನಾಕಿದ್ದು, ಇರ್ಲಿ."

ಮಾರನೇ ದಿನ ನೋಡಿದರೆ ಮರದ ಮೇಲಿದ್ದಾರೆ! ಐವತ್ತರ ಹತ್ತಿರದ ಹೆಂಗಸು, ಸೀರೆ ಕಚ್ಚೆ ಕಟ್ಟಿ, ಬಾಯಲ್ಲಿ ಗೋಣಿದಾರ ಕಚ್ಚಿಕೊಂಡು ಕೊಂಬೆಗಳಿಗೆ ಗುಟಿ ಕಟ್ಟುತ್ತಿದ್ದಾರೆ. ಕೆಳಗೆ ಬುಡದಲ್ಲಿ ಕೊಡಲಿ ನಿಂತೇ ಇದೆ.

"ಕಡಿಯೋ ಮರಕ್ಕೆ ಗುಟಿ ಯಾಕತ್ತೆ?" ಅಂದೆ.

"ಕಡೀತಾರೆ ಅಂತ ಯೋಳ್ದೋರ್ಯಾರು? ಆ ಮಣ್ಣಿನ ಚಟ್ಟಿ ಎತ್ಕೊಡು."

ಅವರಿಗೆ ಭಯವೇ ಇರಲಿಲ್ಲ ಅಂತ ನೀವು ತಿಳಿಯಬಾರದು. ಹತ್ತನೇ ದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿ ನೋಡಿದೆ. ಅತ್ತೆ ಒಂದು ಹಣ್ಣು ಕೊಯ್ದು, ಗೋಡೆಗೆ ಒರಗಿ ತಿನ್ನುತ್ತಿದ್ದರು. ಸದ್ದಿಲ್ಲದೆ ಒಳಗೆ ಹೋಗಿ ಒಂದು ತೊಳೆ ನಾನೂ ಬಾಯಿಗೆ ಹಾಕಿಕೊಂಡೆ. ಹುಳಿ. ಹುಳಿಯ ಹಿಂದೆ ಕಹಿ. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ಮುಖ ಒಂದಿಷ್ಟೂ ಕಿವುಚದೆ ಉಳಿದದ್ದನ್ನೆಲ್ಲ ತಿಂದು ಮುಗಿಸಿದರು. ಸಿಪ್ಪೆಯನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಹುಲ್ಲಿನ ಮೇಲಿದ್ದ ಹಣ್ಣುಗಳನ್ನು ಒಂದೊಂದಾಗಿ ಸವರಿದರು.

"ಇನ್ನೂ ಅತ್ತು ದಿನ ಐತೆ" ಅಂದರು. ನನಗೆ ಹೇಳಿದರೋ ಹಣ್ಣಿಗೆ ಹೇಳಿದರೋ ತಿಳಿಯಲಿಲ್ಲ.

ಅಂದಿನಿಂದ ಮಾವ ಜಗಲಿ ಬಿಟ್ಟು, ತಮ್ಮ ಹಗ್ಗದ ಮಂಚವನ್ನು ಎಳೆದು ತಂದು ಕತ್ತಲೆ ಕೋಣೆಯ ಬಾಗಿಲಿಗೆ ಅಡ್ಡ ಹಾಕಿಕೊಂಡು ಮಲಗತೊಡಗಿದರು. ಯಾರೂ ಹೇಳಿರಲಿಲ್ಲ. ತಮ್ಮ ಬಂದು "ಏನಣ್ಣಾ, ಇಲ್ಲಿ?" ಅಂದರೆ, "ಗಾಳಿ ಚೆನ್ನಾಗೈತೆ" ಅನ್ನುತ್ತಿದ್ದರು. ಅಲ್ಲಿ ಗಾಳಿ ಬರಲು ಒಂದು ಕಿಟಕಿಯೂ ಇರಲಿಲ್ಲ.

ಇಪ್ಪತ್ತನೇ ದಿನ ಸಂತೆಯ ದಿನವೇ ಬಂತು. ಇನ್ನು ನಾಲ್ಕು ದಿನಕ್ಕೆ ಆಯುಧ ಪೂಜೆ. ತಾರಮಂಗಲಂನ ಮರ ಕುಯ್ಯುವವರು ಗರಗಸ ಹೊತ್ತು ಬಂದು ಬಾವಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತಾ ಕೂತಿದ್ದರು. ಚಿಕ್ಕಮಾವ ಚಾಕು ಹಿಡಿದು ಅಂಗಳಕ್ಕೆ ಬಂದರು.

"ಇಲ್ಲಲ್ಲ. ಸಂತೆಗೆ ಓಗಾನ. ಎಲ್ಲಿ ಉಳಿ ಅಂದ್ರೋ ಅಲ್ಲೇ ಕುಯ್ಯಾನ. ಚಾಕು ನಿನ್ ಕೈಲೇ ಇರ್ಲಿ" ಅಂದರು ಅತ್ತೆ.

ಮಾವನ ಕೈಲಿ ಎತ್ತಿನ ಗಾಡಿ ಕಟ್ಟಿಸಿದರು. ಹೋಗಿ ಕೂತದ್ದೆಲ್ಲಿ? ಚಿನ್ನಸ್ವಾಮಿಯ ಅಂಗಡಿಯ ಎದುರಿಗೇ. ಅವನ ಕಡೆ ಮೂಸಂಬಿ, ಸೇಬು ಎಲ್ಲ ಒರೆಸಿಟ್ಟು ಫಳಫಳ ಅನ್ನುತ್ತಿವೆ. ನಮ್ಮ ಕಡೆ ಗೋಣಿಚೀಲದ ಮೇಲೆ ಸುಕ್ಕು ಹಿಡಿದ ಚಕ್ಕೋತ, ಒಂದೊಂದರ ತಲೆಯ ಮೇಲೂ ನೀಲಿ ಬಳೆ. ಜನ ನಿಂತು ನೋಡಿ ನಗತೊಡಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸೊಪ್ಪು ಮಾರುವ ಚೆಲ್ಲಮ್ಮ ತನ್ನ ಜಾಗ ಬಿಟ್ಟು ಎದ್ದೇ ಬಂದಳು. "ಇದೇ ಅಣ್ಣು! ಓದ ತಿಂಗಳು ತಗೊಂಡೋಗಿ ಕೊಟ್ರೆ ನಮ್ ಮೊಮ್ಮಗಳು ಉಗಿದ್ಬುಟ್ಲು. ಮತ್ತೆ ತಂದಿದ್ದೀಯಲ್ಲಾ, ನಾಚ್ಕೆ ಆಗಲ್ವಾ?" ಎಂದು ಕೈ ಬೀಸಿದಳು.

"ಆಗಲ್ಲ. ನೀನೇ ಒಂದು ಆರ್ಸು" ಅಂದರು ಅತ್ತೆ.

ಚೆಲ್ಲಮ್ಮ ಬೇಕೆಂದೇ ಎಲ್ಲಕ್ಕಿಂತ ಸುಕ್ಕಾದದ್ದನ್ನು ಎತ್ತಿ ಕೊಟ್ಟಳು. ಚಿಕ್ಕಮಾವ ಕುಯ್ದರು. ದಪ್ಪ ಸಿಪ್ಪೆ ಬಿಡಿಸಿ, ತೊಳೆಯ ಮೇಲಿನ ಬಿಳಿ ಪೊರೆ ಸುಲಿದು ಅವಳ ಕೈಗಿಟ್ಟರು. ಅವಳು ಉಗಿಯಲು ತಯಾರಾಗಿಯೇ ಬಾಯಿಗೆ ಹಾಕಿಕೊಂಡಳು. ಅಗಿದಳು. ನಿಧಾನ ಮಾಡಿದಳು. ಅತ್ತೆಯ ಕಣ್ಣು ಅವಳ ಬಾಯಿಯ ಮೇಲೇ ಇತ್ತು.

"ಇನ್ನೊಂದು ತೊಳೆ ಕೊಡು" ಅಂದಳು ಚೆಲ್ಲಮ್ಮ.

ಆಮೇಲೆ ಚಿಕ್ಕಮಾವ ತಿಂದರು. ತಿಂದು ಯಾರ ಮುಖವನ್ನೂ ನೋಡದೆ ಇನ್ನೊಂದು ಹಣ್ಣಿಗೆ ಚಾಕು ಹಾಕಿದರು. ಅದೂ ಸಿಹಿ. ಮೂರನೆಯದನ್ನು ಜನರೇ ಕಿತ್ತುಕೊಂಡರು.

ಎದುರಿನಿಂದ ಚಿನ್ನಸ್ವಾಮಿ ಧಾವಿಸಿ ಬಂದ. "ಇದು ಬೇರೆ ಹಣ್ಣು! ಮನೆಯಲ್ಲಿ ಬಚ್ಚಿಟ್ಟದ್ದನ್ನು ತಂದು ಮೋಸ ಮಾಡ್ತಾ ಇದ್ದಾಳೆ" ಎಂದು ತಮಿಳಿನಲ್ಲಿ ಕೂಗಿದ. ಜನ ಅನುಮಾನದಿಂದ ಅತ್ತೆಯ ಕಡೆ ತಿರುಗಿದರು. ಚಿಕ್ಕಮಾವನ ಕೈಯೂ ಚಾಕಿನ ಮೇಲೆ ನಿಂತಿತು.

ಆಗ ನನಗೆ ಎಲ್ಲಿಂದ ಬಂತೋ ಆ ಧ್ವನಿ. ಐದು ವರ್ಷದಲ್ಲಿ ಆ ಮನೆಯ ಗಂಡಸರ ಮುಂದೆ ತಲೆಯೆತ್ತದವಳು ಒಂದು ಹಣ್ಣನ್ನು ಅವನ ಮೂಗಿನ ನೇರಕ್ಕೆ ಹಿಡಿದೆ. ತಮಿಳು ಹುಡುಕುತ್ತಾ ಕೂರಲಿಲ್ಲ, ಕನ್ನಡದಲ್ಲೇ ಕೇಳಿದೆ.

"ಈ ನೀಲಿ ಬಳೆ ಯಾರು ಎಳೆದದ್ದು? ನೀನೇ ಕೂತು ಎಳೆಯುವಾಗ ನಾನೇ ನಿನಗೆ ಕಾಫಿ ಕೊಟ್ಟದ್ದು. ನೀನು ನಮ್ಮ ಗೇಟಿಗೆ ಸುರಿದು ಹೋದ ಹಣ್ಣು ಇದು. ಅಲ್ಲ ಅನ್ನು ನೋಡೋಣ!"

ಸಂತೆಗೆ ಸಂತೆಯೇ ಅರ್ಥ ಮಾಡಿಕೊಂಡಿತು. ಚೆಲ್ಲಮ್ಮ ಒಂದೊಂದೇ ಹಣ್ಣು ಎತ್ತಿ ಎಲ್ಲರಿಗೂ ಬಳೆ ತೋರಿಸತೊಡಗಿದಳು. ಚಿನ್ನಸ್ವಾಮಿ ತನ್ನ ಅಂಗಡಿಗೆ ವಾಪಸ್ಸು ಹೋದ. ಅತ್ತೆ ನನ್ನನ್ನು ನೋಡಿದರು. ಬಾಯಿ ತೆರೆದು ಹೊಗಳುವ ಹೆಂಗಸಲ್ಲ ಅವರು, ತಮ್ಮ ಪಕ್ಕದ ಗೋಣಿಯನ್ನು ಸರಿಸಿ ನನಗೆ ಕೂರಲು ಜಾಗ ಮಾಡಿದರು.

ವ್ಯಾಪಾರಿ ಎಷ್ಟಾದರೂ ವ್ಯಾಪಾರಿ. ಸ್ವಲ್ಪ ಹೊತ್ತಿಗೆ ಸ್ವರ ಇಳಿಸಿಕೊಂಡು ಮತ್ತೆ ಬಂದ. "ಅಕ್ಕಾ, ಪೂಜೆ ಹತ್ರ ಬಂತು, ಉಳಿದದ್ದೆಲ್ಲ ನಂಗೇ ಕೊಡು. ಆ ಗುರುತು ಮಾತ್ರ ಒರೆಸಿಕೊಡು" ಅಂದ.

"ಒರೆಸಲ್ಲ. ನಿಂಗೆ ಕೊಡೋದೂ ಇಲ್ಲ" ಎಂದರು ಅತ್ತೆ. "ಇದು ಉಳಿ ಅಂತ ನೀ ಎಷ್ಟು ಜನಕ್ಕೆ ಯೋಳ್ದ್ಯೋ, ಅಷ್ಟು ಜನಾನೂ ನಿನ್ ಗುರುತು ನೋಡ್ಕೊಂಡೇ ತಿನ್ಲಿ."

ಮಧ್ಯಾಹ್ನದ ಊಟದ ಹೊತ್ತಿಗೆ ಗೋಣಿಚೀಲ ಬರಿದಾಯಿತು. ವಾಪಸ್ಸು ಬರುವ ಗಾಡಿಯಲ್ಲಿ ಮಾವ ಬಾರುಕೋಲನ್ನು ಮಡಿಲಲ್ಲಿಟ್ಟುಕೊಂಡು, ಎತ್ತುಗಳನ್ನು ಅವುಗಳ ಪಾಡಿಗೆ ನಡೆಯಲು ಬಿಟ್ಟಿದ್ದರು.

ಮನೆ ಮುಟ್ಟಿದಾಗ ಗರಗಸದವರು ಇನ್ನೂ ಕಾಯುತ್ತಿದ್ದರು. ಚಿಕ್ಕಮಾವ ಅವರ ಹತ್ತಿರ ಹೋಗಿ ಏನೋ ಹೇಳಿ ಕಳಿಸಿದರು. ಆಮೇಲೆ ಮರದ ಬುಡದಲ್ಲಿ ಇಪ್ಪತ್ತು ದಿನದಿಂದ ನಿಂತಿದ್ದ ಕೊಡಲಿಯನ್ನು ಎತ್ತಿಕೊಂಡು, ಎಲ್ಲಿಡಬೇಕೆಂದು ತೋಚದೆ ಅತ್ತೆಯ ಮುಂದೆ ಬಂದು ನಿಂತರು.

"ತಪ್ಪಾಯ್ತು ಅತ್ಗೆ. ಈಗ ಯೋಳು, ಏನ್ ಮಾಡ್ಲಿ?"

ಅತ್ತೆ ಮರದ ಮೇಲೆ ನೋಡಿದರು. ಕೊಂಬೆ ಕೊಂಬೆಗೂ ಗೋಣಿಬಟ್ಟೆಯ ಗಂಟುಗಳು, ಒಂದೆರಡಲ್ಲ, ಹನ್ನೆರಡು. ಅವು ಬೇರು ಬಿಡಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಬೇಕು. ಚಿಕ್ಕಮಾವ ಮರಗೆಣಸಿಗೆಂದು ಉತ್ತಿಟ್ಟಿದ್ದ ಪಕ್ಕದ ಹೊಲದ ಕಡೆ ಅತ್ತೆ ಕೈ ತೋರಿಸಿದರು.

"ಗುಂಡಿ ತಗೀಬೇಕು" ಅಂದರು. "ಗುದ್ದಲಿ ಎಲ್ಲೈತೆ?"

ಚಿಕ್ಕಮಾವ ಕೊಡಲಿಯನ್ನು ಅಲ್ಲೇ ಇಟ್ಟು, ಗುದ್ದಲಿ ತರಲು ಕೊಟ್ಟಿಗೆಗೆ ಓಡಿದರು.

"ಓಡಬ್ಯಾಡ ಕಣ್ಲಾ" ಎಂದು ಅತ್ತೆ ಹಿಂದಿನಿಂದ ಕೂಗಿದರು. "ನಡ್ಕೊಂಡೋಗು."